ಬ್ರಿಡ್ಜ್ ಬಿಚ್ಚುವ ಮೊದಲು

ಸುಹಾಸ,

ನಿನ್ನಣ್ಣ ತೀರಿಹೋಗುವ ಮೊದಲು ಆರ್ಡರ್ ಮಾಡಿದ್ದ ಬ್ರಿಡ್ಜ್, ಗಿಟಾರಿನ ತಂತಿ ಕೂರುವ ಲೋಹದ ತುಂಡು, ನಿನ್ನೆ ಕೊರಿಯರಿನಲ್ಲಿ ಬಂತು. ಬಾಸ್ ಗಿಟಾರಿನ ಹತ್ತಿರ ಇಟ್ಟಿದ್ದೇನೆ. ಹಳೇದು ಉಪ್ಪುಗಾಳಿಗೆ ತುಕ್ಕು ಹಿಡಿದು ಕಚ್ಕೊಂಡಿದೆ. ದೋಣಿ ಇಂಜಿನ್ನಿನ ಎಣ್ಣೆ ಎರಡು ಹನಿ ಬಿಡು, ಜೋರು ಮಾಡ್ಬೇಡ. ಹೋದ ಸಲದ ಹಾಗೆ ಸ್ಕ್ರೂ ಕಳೀಬೇಡ.

ಬಂಗಡೆ ಸಾರು ಬಿಸಿ ಮಾಡ್ಕೊಂಡು ಉಣ್ಣು.

ತಲೆ ಇಲ್ಲದ ಗಿಟಾರು, ಶ್ರುತಿಯ ತಿರುಪೆಲ್ಲ ಬ್ರಿಡ್ಜಿನಲ್ಲೇ ಇರೂದು. ಅದನ್ನು ಬಿಚ್ಚಿದ್ರೆ ನಿನ್ನಣ್ಣ ಕಡೇ ಸಲ ಕೂಡಿಸಿಟ್ಟ ಶ್ರುತಿ ಹೋಗ್ತದೆ. ಹಾಗಾಗಿ ಮೊದಲು ನಾಲ್ಕೂ ತಂತಿ ಒಂದೊಂದಾಗಿ ಬಾರಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡು. ಅಮ್ಮ ‘ಎಂತದಾ ಶಬ್ದ?’ ಅಂದ್ರೆ ರಿಪೇರಿ ಅಂತ ಹೇಳು.

ನಾನು ಕುಮಟೆಗೆ, ಕೆಲಸಕ್ಕೆ ಹೊರಟೆ. ರೆಕಾರ್ಡ್ ಮಾಡಿದ್ದನ್ನು ನಂಗೆ ಕೇಳಿಸಬೇಡ. ಅಳಿಸಲೂ ಬೇಡ.

ಅತ್ತಿಗೆ