ಕಿಟಕಿಯ ಕೆಳಗಿನ ಗುರುತು

ಸಾಯಗಾಂವ, ಗುರುವಾರ

ಸೇತುವೆಯ ಎಂಜಿನಿಯರ್ ಮುಜೀಬೋದ್ದೀನ ಸಾಹೇಬರಿಗೆ, ಬುದ್ಧವಿಹಾರದ ಎದುರು ಮನೆಯ ಕೌಸಲ್ಯಾಬಾಯಿ ಮಾಡುವ ಜೈಭೀಮ್.

ನಡೆಯುವವರಿಗೂ ಸೈಕಲ್ಲಿನವರಿಗೂ ಹೊಳೆಗೆ ಸೇತುವೆ ಕಟ್ಟುತ್ತೇವೆಂದು ಅಳತೆಗೆ ಬಂದ ದಿನ ನೀವು ಕೇಳಿದಿರಿ, "ಹಿಂದ ಮಹಾಪೂರ ಬಂದಾಗ ನೀರು ಎಲ್ಲಿತನಕ ಏರಿತ್ತರಿ?" ನಾನು ವಿಹಾರದ ಮೊದಲ ಮೆಟ್ಟಿಲು ತೋರಿಸಿದೆ. ಅದು ಸುಳ್ಳುರಿ. ನೀರು ವಿಹಾರದ ಕಿಟಕಿ ಮುಟ್ಟಿತ್ತು. ಸೇತುವೆ ಎತ್ತರವಾದರೆ ಅದರ ಇಳಿಜಾರಿಗೆ ಜಾಗ ಸಾಲದೆ ವಿಹಾರ ಕೆಡವುತ್ತಾರೆಂದು ಹೆದರಿದ್ದೆ. ಅದರ ಇಟ್ಟಿಗೆ ನಾವು ಹೆಂಗಸರೇ ಹೊತ್ತದ್ದು.

ಮೊನ್ನೆ ಮಗಳು ಪ್ರಣಿತಾ ಸೈಕಲ್ ಒರೆಸುತ್ತ, "ಅವ್ವಾ, ಹೊಳಿಗೆ ಪೂಲ್ ಆತಂದ್ರ ಮಳಿಗಾಲದಾಗೂ ಸಾಲಿ ತಪ್ಪಂಗಿಲ್ಲ" ಎಂದಳು. ನನ್ನ ಮಾತು ನಂಬಿ ತಗ್ಗಾಗಿ ಕಟ್ಟಿದರೆ ನೀರು ಆ ಮಕ್ಕಳ ಮೇಲೇ ಬರುತ್ತದೆ. ಅಂದಿನಿಂದ ಪಂಚಶೀಲ ಹೇಳುವಾಗ, ಸುಳ್ಳಾಡುವುದಿಲ್ಲ ಎಂಬಲ್ಲಿಗೆ ಬಂದು ನಾಲಿಗೆ ನಿಲ್ಲುತ್ತದೆ.

ಸೋಮವಾರ ಕಂಬದ ಕೆಲಸ ಶುರುವಂತೆ. ಅದಕ್ಕೂ ಮೊದಲು ಟೇಪು ಹಿಡಿದು ಬರ್ರಿ. ಕಿಟಕಿಯ ಕೆಳಗೆ ಗೋಡೆಯ ಮೇಲಿದ್ದ ನೀರಿನ ಗುರುತು ಮುಚ್ಚಲು ನಾನೇ ಹೊಡೆದಿದ್ದ ಸುಣ್ಣವನ್ನು ಇವತ್ತು ಕೆರೆದಿದ್ದೇನೆ. ಓಣಿಯವರಿಗೆ ಹೇಳಲು ಇನ್ನೂ ಧೈರ್ಯವಾಗಿಲ್ಲ. ಎಲ್ಲರ ಮುಂದೆ ಅದೇ ಪ್ರಶ್ನೆ ಇನ್ನೊಮ್ಮೆ ಕೇಳಿರಿ. ಈ ಸಲ ಕಿಟಕಿ ತೋರಿಸುತ್ತೇನೆ.

ನಿಮ್ಮ ದಾರಿ ಕಾಯುವ,
ಕೌಸಲ್ಯಾಬಾಯಿ