ಡಬ್ಬಿಯ ಮೇಲಿಂದ ನನ್ನನ್ನು ಇಳಿಸಿ

ಮಾನ್ಯ ಪರವಾನಗಿ ಅಧಿಕಾರಿಗಳೇ,

ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರ ಸಕಲ ಸಂಕಟಕ್ಕೂ ಮದ್ದು ಎಂದು ಮಾರುತ್ತಿರುವ ಆ ಗುಲಾಬಿ ಡಬ್ಬಿಯನ್ನು ನೀವು ನೋಡಿರುತ್ತೀರಿ. ಅದರ ಮೇಲೆ ಹಲ್ಲು ಕಿರಿಯುತ್ತಿರುವ ಹೆಂಗಸು ನಾನೇ. ಆ ನಗು ಸುಳ್ಳು. ಡಬ್ಬಿಯನ್ನು ಅಂಗಡಿಗಳಿಂದ ತೆಗೆಸಿ ಎಂದು ಕೇಳುವುದಕ್ಕೇ ಈ ಪತ್ರ.

ಮೊದಲು ನನ್ನ ಪೆದ್ದುತನವನ್ನು ಒಪ್ಪಿಕೊಂಡುಬಿಡುತ್ತೇನೆ. ಐವತ್ತಕ್ಕೆ ಕಾಲಿಟ್ಟಿದ್ದೇ ತಡ, ಹೊತ್ತುಗೊತ್ತಿಲ್ಲದೆ ಮೈ ಕಾದು ಬೆವರು ಹರಿಯತೊಡಗಿತು. ಮೇಲ್ವಿಚಾರಕರು ಗಂಟೆ ಎಷ್ಟು ಎಂದು ಕೇಳಿದರೂ ಸಿಕ್ಕಿಬಿದ್ದ ಕಳ್ಳಿಯ ಹಾಗೆ ಮುಖ ಕೆಂಪಾಗುತ್ತಿತ್ತು. ಜಾಹೀರಾತು ನೋಡಿ ಮಾತ್ರೆ ತರಿಸಿದೆ. ಒಂದೇ ವಾರದಲ್ಲಿ ಬಿಸಿ ಮಾಯ. ಕಂಪನಿಯವರು ಫೋನ್ ಮಾಡಿದಾಗ ಹೊಗಳಿದ್ದೇ ಹೊಗಳಿದ್ದು. ಫೋಟೋ ಕೇಳಿದರೆ ಲಿಪ್‌ಸ್ಟಿಕ್ ಹಚ್ಚಿಕೊಂಡು ತೆಗೆಸಿ ಕಳಿಸಿದೆ. ಒಂದು ಸಣ್ಣ ವಿಷಯ ಮಾತ್ರ ತಲೆಗೆ ಹೊಳೆಯಲಿಲ್ಲ. ನಾನಿರುವುದು ಮೀನು ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ. ಅದೇ ವಾರ ನನ್ನನ್ನು ಸಿಗಡಿ ಬೇಯಿಸುವ ವಿಭಾಗದಿಂದ ಶೀತಲ ಕೋಣೆಗೆ ಹಾಕಿದ್ದರು. ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ, ಎರಡು ಸ್ವೆಟರ್ ತೊಟ್ಟು ಪೆಟ್ಟಿಗೆ ಜೋಡಿಸುವವಳಿಗೆ ಬಿಸಿ ಎಲ್ಲಿಂದ ಬರಬೇಕು? ಮನೆಗೆ ಬಂದರೂ ಕಂಬಳಿ ಬಿಡುತ್ತಿರಲಿಲ್ಲ. ಅದನ್ನು ಮಾತ್ರೆಯ ಮಹಿಮೆ ಎಂದುಕೊಂಡೆ.

ಮೂರು ತಿಂಗಳಿಗೆ ಶೀತಲ ಯಂತ್ರ ಕೆಟ್ಟಿತು. ಅವತ್ತೇ ಮಧ್ಯಾಹ್ನ ಬಿಸಿ ಮರಳಿ ಬಂತು. ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಕಂಪನಿಗೆ ಫೋನ್ ಮಾಡಿದರೆ, ಫೋನ್ ಎತ್ತಿದ ಹುಡುಗಿ ಬಹಳ ಮೃದುವಾಗಿ, ಎರಡರ ಬದಲು ನಾಲ್ಕು ನುಂಗಿ ಎಂದಳು. ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ವಾರ ನುಂಗಿದೆ ಕೂಡ. ಮಾತ್ರೆಯಿಂದ ಏನೂ ಆಗಿಲ್ಲವೆಂದು ಯಾರಿಗೂ ಹೇಳಲಿಲ್ಲ. ಡಬ್ಬಿಯ ಮೇಲೆ ಬಂದವಳೆಂದು ಬಸ್ಸಿನಲ್ಲಿ ಜನ ಸೀಟು ಬಿಟ್ಟುಕೊಡುತ್ತಿದ್ದರು. ಆ ಮರ್ಯಾದೆ ಬಿಡಲು ಮನಸ್ಸಾಗಲಿಲ್ಲ.

ಇಲ್ಲಿಯವರೆಗೆ ನೀವು ನಗಬಹುದು. ಬೇರೆ ಊರಿನಲ್ಲಿರುವ ನಮ್ಮಕ್ಕ ಹೊಲಿಗೆ ಹೇಳಿಕೊಡುವವಳು, ಎರಡು ಸಲ ಅಳತೆ ನೋಡದೆ ಬಟ್ಟೆಗೆ ಕತ್ತರಿ ಹಾಕುವವಳಲ್ಲ. ತಂಗಿಯ ಮುಖ ಕಂಡು ಹಿಂದೆಮುಂದೆ ನೋಡದೆ ಡಬ್ಬಿ ಕೊಂಡಳು. ಮುಟ್ಟು ನಿಂತು ಮೂರು ವರ್ಷವಾಗಿದ್ದವಳಿಗೆ ಮತ್ತೆ ರಕ್ತ ಕಾಣಿಸಿತು. ‘ಇದು ಯೌವನ ಮರಳುವ ಶುಭಲಕ್ಷಣ, ಗಾಬರಿ ಬೇಡ’ ಎಂದು ಡಬ್ಬಿಯೊಳಗಿನ ಚೀಟಿ ಹೇಳಿತು. ಅವಳು ಐದು ತಿಂಗಳು ಗಾಬರಿಯಾಗದೆ ಕುಳಿತಳು. ವಿಷಯ ತಿಳಿದ ಮೇಲೆ ನಾನೇ ಹೋಗಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದೆ. ಹೀಗಾದರೆ ತಕ್ಷಣ ಬರಬೇಕೆಂದು ಯಾರೂ ಹೇಳಲಿಲ್ಲವೇ ಎಂದು ಡಾಕ್ಟರಮ್ಮ ಕೇಳಿದಾಗ ಅಕ್ಕ ನನ್ನ ಕಡೆ ನೋಡಲಿಲ್ಲ. ಹೊರಗೆ ಬಂದ ಮೇಲೆ, “ನಿನ್ ಮುಖ ಇತ್ತಲ್ವೇನೇ, ಅದಕ್ಕೇ ನಂಬ್ಬಿಟ್ಟೆ” ಅಂದಳು. ಗರ್ಭಕೋಶದ ಒಂದು ಚೂರನ್ನು ಪರೀಕ್ಷೆಗೆ ಕಳಿಸಿದ್ದಾರೆ. ವರದಿ ಗುರುವಾರ ಬರುತ್ತದೆ. ನನಗೆ ಭಯವಾಗಿದೆ.

ನಿಮ್ಮ ಕಚೇರಿಗೆ ದೂರು ಕೊಟ್ಟೆ. ಇದು ಔಷಧಿಯಲ್ಲ, ಆಹಾರ, ಆದ್ದರಿಂದ ನಮ್ಮ ವ್ಯಾಪ್ತಿಗೆ ಬಾರದು ಎಂಬ ಉತ್ತರ ಬಂತು. ಹಾಗಾದರೆ ಅಕ್ಕ ಹಸಿವಿಗೆಂದು ಅದನ್ನು ತಿಂದಳೇ? ಆಹಾರದ ಡಬ್ಬಿಯ ಮೇಲೆ ನನ್ನ ಪಕ್ಕದಲ್ಲಿ ನಿಂತ ಬಿಳಿ ಕೋಟಿನವನಿಗೇನು ಕೆಲಸ? ನಮ್ಮ ಕಾರ್ಖಾನೆಯ ಪೆಟ್ಟಿಗೆಯ ಮೇಲೆ ತಾರೀಖು ತಪ್ಪಿದರೆ ಇಡೀ ಲಾರಿ ವಾಪಸ್ ಬರುತ್ತದೆ. ಹೆಂಗಸಿನ ಮೈ ಮೀನಿಗಿಂತ ಕಡೆಯೇ?

ಆ ಚೀಟಿಯನ್ನು ನಿಲ್ಲಿಸಿ, ಡಬ್ಬಿಗಳನ್ನು ವಾಪಸ್ ತರಿಸಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಡಾಕ್ಟರ ಬಳಿ ಹೋಗಿ ಎಂದು ಇಂಥ ಪ್ರತಿಯೊಂದು ಡಬ್ಬಿಯ ಮೇಲೂ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ. ಇನ್ನೊಂದು ಕೋರಿಕೆಯಿದೆ. ಆಸ್ಪತ್ರೆಯ ಬಾಗಿಲಲ್ಲೇ ಇರುವ ಔಷಧಿ ಅಂಗಡಿಯ ಗಾಜಿನ ಕಪಾಟಿನಲ್ಲಿ ನಾನು ಸಾಲಾಗಿ ನಗುತ್ತಾ ನಿಂತಿದ್ದೇನೆ. ಗುರುವಾರ ಅಕ್ಕ ಆ ಬಾಗಿಲಿನಿಂದಲೇ ಒಳಗೆ ಹೋಗಬೇಕು. ಅಷ್ಟರೊಳಗೆ ನನ್ನನ್ನು ಅಲ್ಲಿಂದ ಇಳಿಸಿ.

ಇಂತಿ,
ಶೀತಲ ಕೋಣೆಯ ಕೀರ್ತಿಯನ್ನು ಮಾತ್ರೆಗೆ ಕೊಟ್ಟ ದಡ್ಡಿ