ಮೊಳೆ ಬೇಡದ ಪ್ಲಗ್ಗು

೧೫ ನವೆಂಬರ್ ೧೯೪೩, ಸೋಮವಾರ

ಇವತ್ತೂ ಎರಡು ಕೆಲಸ ಕೈತಪ್ಪಿದವು. ಕಾರಣ ಅದೇ — ಮನೆಯಲ್ಲಿ ಸೊಸೆ ಬಸುರಿ. ಬಸುರಿ ಇರುವ ಮನೆಯಲ್ಲಿ ಗೋಡೆ ಕೊರೆಯಬಾರದು, ಮೊಳೆ ಹೊಡೆಯಬಾರದು. ಹೆರಿಗೆ ಆದ ಮೇಲೆ ಬನ್ನಿ ಅಂದರು. ಹೆರಿಗೆ ಆದ ಮೇಲೆ ಹೋದರೆ ಬಾಣಂತಿ ಮಲಗಿದ್ದಾಳೆ, ಸದ್ದು ಮಾಡಬೇಡಿ ಅನ್ನುತ್ತಾರೆ. ಆ ಬಾಣಂತನ ಮುಗಿಯುವ ಹೊತ್ತಿಗೆ ಓರಗಿತ್ತಿಯದು ಶುರು. ಹಲಸೂರಿನ ಜನಸಂಖ್ಯೆ ಏರಿದಷ್ಟೂ ಹಲಸೂರು ಬಜಾರಿನ ಲೈಸೆನ್ಸುದಾರ ವೈರ್‌ಮನ್ ಶ್ರೀಮಾನ್ ಮುನಿಕೃಷ್ಣಪ್ಪನವರ ವ್ಯಾಪಾರ ಇಳಿಯುತ್ತದೆ. ಯುದ್ಧ ಮುಗಿದ ಮೇಲೆ ಸರ್ಕಾರ ಇದನ್ನು ಗಮನಿಸಬೇಕು.

ನಾನೇನು ದೊಡ್ಡದಾಗಿ ಕೇಳುತ್ತೇನೆಯೆ? ಒಂದು ಪ್ಲಗ್ಗು ಕೂರಿಸಲು ಉಳಿಯಿಂದ ಗೋಡೆ ಕೊರೆಯಬೇಕು. ತೂತಿಗೆ ಮರದ ಗೂಟ ಬಡಿಯಬೇಕು. ಗೂಟಕ್ಕೆ ಮರದ ಬಿಲ್ಲೆ, ಬಿಲ್ಲೆಯ ಮೇಲೆ ಪಿಂಗಾಣಿ ಪ್ಲಗ್ಗು. ಅರ್ಧ ದಿನದ ಬಡಿತ. ಅಷ್ಟೆ.

ಸಂಜೆ ಮಗಳು ಆದಿಲಕ್ಷ್ಮಿ ಕೆ.ಆರ್. ಪುರದಿಂದ ಬಂದಳು. ಅಳಿಯ ಅಲ್ಲಿನ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್. ಬಿಟ್ಟು, ಕಾಫಿ ಕುಡಿದು, ಡ್ಯೂಟಿಗೆ ಹೊರಟ. ಅವಳಿಗೆ ಐದು ತಿಂಗಳು ತುಂಬಿ ಆರು. ಇದು ಮೂರನೆಯದು. ಮೊದಲಿನ ಎರಡೂ ಉಳಿಯಲಿಲ್ಲ.

ಅವಳು ಹೊಸ್ತಿಲು ದಾಟಿದ ಅರ್ಧ ಗಂಟೆಗೆ ಮನೆಯ ಸುತ್ತಿಗೆ ಕಾಣೆ. ಹೆಂಡತಿ ಆಂಜನಮ್ಮನನ್ನು ಕೇಳಿದೆ. ಯಾವ ಸುತ್ತಿಗೆ ಅಂದಳು. ಇಪ್ಪತ್ತೇಳು ವರ್ಷದ ಸಂಸಾರ. ಮತ್ತೆ ಕೇಳಲಿಲ್ಲ.

೧೯ ನವೆಂಬರ್, ಶುಕ್ರವಾರ

ಒಂದು ಯೋಚನೆ. ಗೋಡೆಗೆ ಒಂದೇಟೂ ಬೀಳದೆ ಕೂರುವ ಪ್ಲಗ್ಗು. ಬರೀ ವ್ಯಾಪಾರದ ದೃಷ್ಟಿಯಿಂದ — ಇದನ್ನು ಇಲ್ಲಿ ದಾಖಲಿಸಿಬಿಡುತ್ತೇನೆ.

ಮೊದಲ ಪ್ರಯೋಗ: ಹಲಗೆಗೆ ಪ್ಲಗ್ಗು ಕೂರಿಸಿ, ತೊಲೆಯಿಂದ ಹಗ್ಗ ಇಳಿಬಿಟ್ಟು ಗೋಡೆಗೆ ಒರಗಿಸಿದ್ದು. ನೋಡಲು ಚೆನ್ನ. ಪಿನ್ನು ತೂರಿಸಲು ಹೋದರೆ ಹಲಗೆ ಓಡುತ್ತದೆ. ಅಟ್ಟಿಸಿಕೊಂಡು ಹೋಗಿ ಹಿಡಿಯಬೇಕು. ನಾನು, ಹಲಗೆ, ಗೋಡೆ — ಮೂವರೂ ಐದು ನಿಮಿಷ ಕೋಲಾಟ ಆಡಿದೆವು.

ಆದಿಲಕ್ಷ್ಮಿ ಸೊಪ್ಪು ಬಿಡಿಸುತ್ತ ನೋಡುತ್ತಿದ್ದಳು. "ಏನಪ್ಪಾ, ಪ್ಲಗ್ಗಿಗೆ ತೊಟ್ಲು ಕಟ್ಟಿದೀಯಾ?" ಅಂದಳು.

ಆಂಜನಮ್ಮನೂ ಸೇರಿ ಮೂವರೂ ನಕ್ಕೆವು. ಆಮೇಲೆ ಆಂಜನಮ್ಮ ಎದ್ದು ಒಳಗೆ ಹೋದಳು. ಹಗ್ಗ ಬಿಚ್ಚಿದೆ.

೨೫ ನವೆಂಬರ್, ಗುರುವಾರ

ಎರಡನೆಯ ಪ್ರಯೋಗ: ಅಂಟು. ಮೈದಾ, ಬೆಲ್ಲ, ಸುಣ್ಣ, ಮರದ ಗೋಂದು. ಅಂಗಡಿಯ ಗೋಡೆಗೆ ಅಂಟಿಸಿದೆ. ಎರಡು ದಿನ ನಿಂತಿತು. ಮೂರನೆಯ ದಿನ ಇರುವೆಗಳು ಸಭೆ ಸೇರಿದವು. ನಾಲ್ಕನೆಯ ದಿನ ಪ್ಲಗ್ಗು ನೆಲದಲ್ಲಿ. ಪಿಂಗಾಣಿ ಚೂರುಚೂರು. ಸೀಮೆಯ ಮಾಲು, ಯುದ್ಧ ಮುಗಿಯುವವರೆಗೆ ಹೊಸದು ಬರುವುದಿಲ್ಲ; ಅಂಗಡಿಯಲ್ಲಿ ಉಳಿದವು ಇನ್ನು ಕೆಲವೇ.

ಇರುವೆಗಳಿಗೆ ಶುಭವಾಗಲಿ.

೬ ಡಿಸೆಂಬರ್, ಸೋಮವಾರ

ನರ್ಸಮ್ಮ ಜಹನಾರಾ ಬಂದಿದ್ದರು. ಹೋದ ಸಲವೂ ಇವರೇ, ಆದರೆ ಇವರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗಳನ್ನು ಒಳಕೋಣೆಯಲ್ಲಿ ಪರೀಕ್ಷೆ ಮಾಡಿದರು. ಇದೂ ದಿನ ತುಂಬುವ ಮೊದಲೇ ಬಂದೀತು, ತಯಾರಾಗಿರಿ ಅಂದರು. ಹೋದ ಸಲದ ಮಗುವಿಗೆ ಹುಟ್ಟಿದಾಗ ಉಸಿರಿತ್ತಲ್ಲವೆ ಎಂದು ಕೇಳಿದರು. ಅರ್ಧ ಗಂಟೆ ಇತ್ತು ಅಂದಳು ಆಂಜನಮ್ಮ. ಅಳಲಿಲ್ಲ. ಮುಟ್ಟಿದರೆ ತಣ್ಣಗಿತ್ತು.

ಅಂಥ ಮಕ್ಕಳನ್ನು ಇವರ ಆಸ್ಪತ್ರೆಯಲ್ಲಿ ಪೆಟ್ಟಿಗೆಯಲ್ಲಿ ಇಡುತ್ತಾರಂತೆ. ಹತ್ತಿ ಹಾಸಿ, ಪಕ್ಕದಲ್ಲಿ ಒಂದು ಬಲ್ಬು ಉರಿಸುತ್ತಾರೆ. ಹಗಲೂ ರಾತ್ರಿ ಶಾಖ. ಎಷ್ಟೋ ಉಳಿದಿವೆಯಂತೆ. ಹುಟ್ಟಿದ ಮೇಲೆ ಚಳಿಯಲ್ಲಿ ಜಟಕಾದಲ್ಲಿ ಹೊತ್ತು ತರುವುದು ಬೇಡ, ಇಲ್ಲೇ ಪೆಟ್ಟಿಗೆ ಮಾಡೋಣ ಅಂದರು. ಸುತ್ತ ನೋಡಿದರು.

"ಈ ರೂಮಲ್ಲಿ ಪ್ಲಗ್ ಎಲ್ಲಿದೆ?"

ಆಂಜನಮ್ಮ ಹಾಸಿಗೆಯ ಹೊದಿಕೆ ಮಡಿಸತೊಡಗಿದಳು.

"ಕರೆಂಟಿನವರು ನೀವೇ ಅಲ್ವಾ?" ಅಂದರು ನನ್ನ ಕಡೆ ತಿರುಗಿ. ತಮಾಷೆಗೆ ಅಂದದ್ದಲ್ಲ.

ನಡುಮನೆಯ ಬಲ್ಬಿನಿಂದ ಉದ್ದ ತಂತಿ ಎಳೆದು ನೆಲದ ಮೇಲೆ ಬಿಡುತ್ತೇನೆ ಅಂದೆ. ಬೇಡವೇ ಬೇಡ ಅಂದರು. ಬಾಣಂತಿಯ ಕೋಣೆ, ನೆಲ ಸದಾ ಒದ್ದೆ. ಯಾರಾದರೂ ತುಳಿದರೆ ತಾಯಿಯೂ ಇಲ್ಲ, ಮಗುವೂ ಇಲ್ಲ. ಗೋಡೆಯ ಮೇಲೆ, ಎತ್ತರದಲ್ಲಿ, ಅಲುಗಾಡದೆ ಇರಬೇಕು.

ನಾನೇ ಹೇಳಬೇಕಾಗಿದ್ದ ಮಾತು.

೭ ಡಿಸೆಂಬರ್, ಬೆಳಿಗ್ಗೆ ೬

ಟ್ರಂಕಿನಿಂದ ಹಳೆಯ ದಿನಚರಿ ತೆಗೆದೆ. ೧೬ ಮಾರ್ಚ್ ೧೯೪೨. ನನ್ನದೇ ಅಕ್ಷರ:

'ಆದಿಲಕ್ಷ್ಮಿಗೆ ಸೆಕೆ. ಅವಳ ಕೋಣೆಗೆ ಫ್ಯಾನಿನ ಪ್ಲಗ್ಗು ಹಾಕಿದೆ. ಆಂಜನಮ್ಮ ಬೇಡ ಬೇಡ ಎಂದಳು. ಆರು ಏಟಿಗೆ ಗೂಟ ಒಳಗೆ. ಅವಳ ದೇವರುಗಳಲ್ಲಿ ಯಾರೂ ಆಕ್ಷೇಪಣೆ ಎತ್ತಲಿಲ್ಲ.'

೧೭ ಖಾಲಿ. ೧೮ ಖಾಲಿ. ಮುಂದಿನ ಬರಹ ಮೇ ತಿಂಗಳಲ್ಲಿ.

ಏಟಿಗೂ ಮರುದಿನ ಮಗು ಹೋದದ್ದಕ್ಕೂ ಸಂಬಂಧವಿಲ್ಲ. ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳಿಯೇನು. ಈ ಮನೆಯ ನಡುಮನೆಯಲ್ಲಿ ಹೇಳಲಾರೆ. ಆ ಪ್ಲಗ್ಗನ್ನು ನಾನೇ ಕಿತ್ತೆ, ತೂತು ನಾನೇ ಮುಚ್ಚಿದೆ. ಎರಡು ಸಲ ಸುಣ್ಣ ಬಳಿದರೂ ಆ ಜಾಗ ಬೇರೆಯಾಗಿಯೇ ಕಾಣುತ್ತದೆ.

ವ್ಯಾಪಾರದ ದೃಷ್ಟಿ ಅಂತ ಬರೆದಿದ್ದೆನಲ್ಲ. ಅದನ್ನು ಹೊಡೆದುಹಾಕಿದೆ ಎಂದು ತಿಳಿಯುವುದು.

೧೧ ಡಿಸೆಂಬರ್, ಶನಿವಾರ

ಆ ತೇಪೆಯನ್ನು ನೋಡುತ್ತ ಕೂತಿದ್ದೆ. ಅದರಿಂದ ಒಂದು ಗೇಣು ಆಚೆ ಗೋಡೆಯಲ್ಲಿ ದೀಪದ ಗೂಡು. ಆಂಜನಮ್ಮ ಸಂಜೆಯ ದೀಪ ಇಟ್ಟು ಹೋದಳು. ಹೊಸ ತೂತು ಮಾಡಬಾರದು, ಸರಿ. ಆಗಲೇ ಇರುವ ತೂತು?

ನಮ್ಮ ಕಡೆಯ ಯಾವ ಮನೆಯಲ್ಲಿ ಗೂಡಿಲ್ಲ? ಕಟ್ಟುವಾಗಲೇ ಬಿಟ್ಟಿರುತ್ತಾರೆ. ಎದೆಯೆತ್ತರ. ನೀರು ತಾಗುವುದಿಲ್ಲ. ಎರಡು ತುಂಡು ಮರ, ನಡುವೆ ಒಂದು ತಿರುಪು. ಗೂಡಿನೊಳಗೆ ಇಟ್ಟು ತಿರುಪು ತಿರುಗಿಸಿದರೆ ತುಂಡುಗಳು ಅಗಲವಾಗಿ ಎರಡೂ ಪಕ್ಕಕ್ಕೆ ಕಚ್ಚಿ ಕೂರಬೇಕು. ಮುಂಭಾಗದಲ್ಲಿ ಪ್ಲಗ್ಗು. ಸುತ್ತಿಗೆ ಬೇಡ. ಉಳಿ ಬೇಡ. ಮೊಳೆ ಬೇಡ. ಒಂದು ಕೈ ಸಾಕು.

ಇಡೀ ಬೀದಿಯ ಗೂಡುಗಳನ್ನು ಅಳೆದು ಬಂದೆ. ಇಪ್ಪತ್ತಮೂರು ಗೂಡು, ಇಪ್ಪತ್ತಮೂರು ಅಳತೆ. ಕೊನೆಯ ಮನೆಯ ಚಿಕ್ಕಮುನಿಯಮ್ಮ ನನ್ನ ಟೇಪನ್ನು ಬಹಳ ಹೊತ್ತು ಅನುಮಾನದಿಂದ ನೋಡಿದಳು. ಯುದ್ಧದ ಖರ್ಚಿಗೆ ಗೂಡಿಗೂ ಕಂದಾಯ ಹಾಕುತ್ತಾರೇನಪ್ಪ ಎಂದು ಕೇಳಿದಳು. ಇಲ್ಲಮ್ಮ ಅಂದೆ. ನಂಬಲಿಲ್ಲ. ಗೂಡಿಗೆ ಅಡ್ಡ ಮೊರ ಇಟ್ಟಳು.

೧೮ ಡಿಸೆಂಬರ್, ಶನಿವಾರ

ಬ್ಲ್ಯಾಕ್‌ಪಲ್ಲಿಗೆ ಹೋಗಿದ್ದೆ. ರಸೆಲ್ ಮಾರ್ಕೆಟ್ಟಿನ ಹಿಂದೆ ಮರ ಕಡೆಯುವ ಅಕ್ತರ್, ನನ್ನ ಬಿಲ್ಲೆಗಳನ್ನೆಲ್ಲ ಅವನೇ ಮಾಡಿಕೊಡುವುದು. ಹಳೆಯ ತೇಗದ ಕಿಟಕಿ ಒಡೆದು ತುಂಡು ಮಾಡಿದ. ತಿರುಪಿಗೆ ಸೈಕಲ್ಲಿನ ಬೋಲ್ಟು. ಅವನ ಅಂಗಡಿಯ ಗೋಡೆಯಲ್ಲೇ ಒಂದು ಗೂಡಿತ್ತು. ಕೂರಿಸಿದೆ, ತಿರುಗಿಸಿದೆ, ಭದ್ರವಾಗಲೆಂದು ಇನ್ನೂ ಒಂದು ಸುತ್ತು... ಗೂಡಿನ ಅಂಚು ಪಟ್ಟೆಂದು ಬಿರುಕು ಬಿಟ್ಟಿತು. ಮಣ್ಣು ಉದುರಿತು.

"ಅರೆ ಭಾಯ್, ಗೋಡೇನ ಇಷ್ಟು ಜೋರಾಗಿ ತಬ್ಕೊಂಡ್ರೆ ಅದೂ ಅಳ್ತದೆ," ಅಂದ ಅಕ್ತರ್.

ಒಡೆದದ್ದು ಅವನ ಗೋಡೆ. ಬೈಯಲಿಲ್ಲ. ಮಗಳ ವಿಷಯ ಗೊತ್ತು ಅವನಿಗೆ. ನೆಲದಿಂದ ಒಂದು ಹಳೆಯ ಚಪ್ಪಲಿ ಎತ್ತಿ ಅದರ ಅಟ್ಟೆ ಕೊಯ್ದ. ಮರಕ್ಕೂ ಗೋಡೆಗೂ ನಡುವೆ ಇದಿರಲಿ, ಮೆತ್ತಗಿರತ್ತೆ ಅಂದ. ಲೈಸೆನ್ಸು ನನ್ನದು, ಬುದ್ಧಿ ಅವನದು.

೨೭ ಡಿಸೆಂಬರ್, ಸೋಮವಾರ

ನಿಂತಿತು. ಅಂಗಡಿಯ ಗೂಡಿನಲ್ಲಿ ಕೂರಿಸಿ ಹತ್ತು ಸೇರು ರಾಗಿಯ ಚೀಲ ನೇತುಹಾಕಿದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಅಲುಗಲಿಲ್ಲ. ಬಿರುಕಿಲ್ಲ. ಚಪ್ಪಲಿಯ ಅಟ್ಟೆಗೆ ಜಯವಾಗಲಿ.

ಮನೆಯಲ್ಲಿ ನಡುಮನೆಯಿಂದ ಒಳಕೋಣೆಯವರೆಗೆ ತೊಲೆಯ ಮೇಲೆ ತಂತಿ ಮಲಗಿಸಿ, ನೂಲಿನ ಹುರಿಯಿಂದ ಕಟ್ಟಿದೆ. ಅದಕ್ಕೂ ಮೊಳೆಯಿಲ್ಲ. ಆಂಜನಮ್ಮ ಕೆಳಗೆ ನಿಂತು ನನ್ನ ಕೈಗಳನ್ನೇ ನೋಡುತ್ತಿದ್ದಳು. ಪೊಲೀಸಿನವರು ನೋಡುವ ಹಾಗೆ.

೩೧ ಡಿಸೆಂಬರ್, ಶುಕ್ರವಾರ

ಕೇಳಿದೆ. ಒಳಕೋಣೆಯ ಗೂಡು ಬೇಕು, ದೀಪ ಬೇರೆ ಕಡೆ ಇಡು ಅಂತ.

ಆಂಜನಮ್ಮ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಮ್ಮತ್ತೆ ಕಾಲದಿಂದ ಅಲ್ಲೇ ಉರೀತಿರೋ ದೀಪ ಅದು. ಅದನ್ನೂ ತೆಗೀಬೇಕಾ? ಇನ್ನೇನ್ ಉಳ್ಸಿದೀರ ನೀವು ಆ ಗೋಡೇಲಿ?"

ಎರಡು ವರ್ಷದಲ್ಲಿ ಆ ವಿಷಯ ಬಾಯಿಬಿಟ್ಟು ಆಡಿದ್ದು ಇದೇ ಮೊದಲು.

ಉತ್ತರ ಕೊಡುವುದರಲ್ಲಿ ನಾನು ಈ ಬೀದಿಗೇ ಹೆಸರಾದವನು. ಎದ್ದು ಅಂಗಡಿಗೆ ಹೋದೆ.

೫ ಜನವರಿ ೧೯೪೪, ಬುಧವಾರ, ಬೆಳಿಗ್ಗೆ ೮

ನೋವು ಶುರುವಾಗಿದೆ. ಏಳೂವರೆ ತಿಂಗಳು. ಹೊರಗೆ ಮಂಜು, ಕೆರೆಯ ಕಡೆ ಏನೂ ಕಾಣುವುದಿಲ್ಲ. ನರ್ಸಮ್ಮನಿಗೆ ಹೇಳಿಕಳಿಸಿದ್ದಾಯಿತು. ನಾನು ನಡುಮನೆಯಲ್ಲಿ, ತೊಡೆಯ ಮೇಲೆ ಪ್ಲಗ್ಗು ಇಟ್ಟುಕೊಂಡು. ಇದನ್ನು ಎಲ್ಲಿ ಕೂರಿಸಬೇಕೆಂದು ಯಾರೂ ಹೇಳುತ್ತಿಲ್ಲ. ಅದಕ್ಕೇ ಬರೆಯುತ್ತ ಕೂತಿದ್ದೇನೆ...

೧೦ ಗಂಟೆ

ಆಂಜನಮ್ಮ ಒಳಗಿನಿಂದ ಬಂದಳು. ಕೈಯಲ್ಲಿ ಗೂಡಿನ ದೀಪ, ಉರಿಯುತ್ತಲೇ ಇತ್ತು. ಸೆರಗು ಅಡ್ಡ ಹಿಡಿದು ಅಡುಗೆಮನೆಗೆ ಒಯ್ದಳು. ಒಲೆಯ ಪಕ್ಕ ನೆಲದ ಮೇಲೆ ಇಟ್ಟಳು. ನನ್ನ ಮುಖ ನೋಡಲಿಲ್ಲ.

"ಹೋಗಿ. ಸದ್ದು ಮಾಡ್ಬೇಡಿ."

ಮಂಚಕ್ಕೆ ಅಡ್ಡ ಸೀರೆ ಕಟ್ಟಿದ್ದರು. ಸೀರೆಯ ಆಚೆ ಮಗಳು ಹಲ್ಲು ಕಚ್ಚಿಕೊಂಡಿದ್ದಳು. "ಅಪ್ಪಾ, ನೀನಾ?" ಅಂದಳು. ಹೂಂ ಅಂದೆ. "ಬಡೀಬೇಡ ಕಣಪ್ಪಾ," ಅಂದಳು. ಇಲ್ಲ ಮಗ, ಬಡಿಯಲ್ಲ ಅಂದೆ.

ಗೂಡಿನೊಳಗೆ ಎಣ್ಣೆಯ ಜಿಡ್ಡು, ಇನ್ನೂ ಬೆಚ್ಚಗಿತ್ತು. ಒರೆಸಿದೆ. ಇಟ್ಟೆ. ತಿರುಗಿಸಿದೆ. ಎರಡು ತಂತಿ ಕೊಟ್ಟೆ. ನಾಲ್ಕು ನಿಮಿಷ. ಗೋಡೆ ಹುಂ ಅನ್ನಲಿಲ್ಲ.

ಸಾಬೂನಿನ ಮರದ ಪೆಟ್ಟಿಗೆಗೆ ಹತ್ತಿ ಹಾಸಿದೆ. ನಡುವೆ ಜಾಲರಿ, ಜಾಲರಿಯ ಆಚೆ ಬಲ್ಬು. ಹತ್ತಿತು. ಹೊರಗೆ ಬಂದೆ.

ಮಧ್ಯಾಹ್ನ ೩

ಹೆಣ್ಣು. ಮೂರೂಕಾಲು ಪೌಂಡು. ಪೆಟ್ಟಿಗೆಯಲ್ಲಿದೆ.

ಅತ್ತಿತೇ ಎಂದು ಕೇಳಿದೆ. ಬೆಕ್ಕಿನ ಮರಿಯಷ್ಟು ಅಂದರು ನರ್ಸಮ್ಮ. ಜೋರಾಗಿ ಅತ್ತ ದಿನ ಹೆದರಿಕೆ ಕಳೆಯಿತು ಅಂದುಕೊಳ್ಳಿ ಅಂದರು.

೯ ಜನವರಿ, ಭಾನುವಾರ

ನಲವತ್ತು ವಾಟಿನ ಬಲ್ಬಿಗೆ ಮಗುವಿನ ಮೈ ಕೆಂಪಗಾಯಿತು. ಇಪ್ಪತ್ತೈದರದ್ದು ಹಾಕಿದೆ. ಬತ್ತಿ ಅದ್ದಿ ಹಾಲು ಹನಿಸುತ್ತಾರೆ. ಅಳುವಿಲ್ಲ. ತಿರುಪು ಬೆಳಿಗ್ಗೆ, ಸಂಜೆ ಮುಟ್ಟಿ ನೋಡುತ್ತೇನೆ. ಬಿಗಿಯಾಗಿಯೇ ಇದೆ. ಆದರೂ ನೋಡುತ್ತೇನೆ.

ತಮಾಷೆ ಏನಾದರೂ ಬರೆಯೋಣವೆಂದರೆ ತೋಚುವುದಿಲ್ಲ.

೧೩ ಜನವರಿ, ಗುರುವಾರ

ಬೆಳಿಗ್ಗೆ ಕರೆಂಟು ಹೋಯಿತು. ಎರಡು ಗಂಟೆ. ಇದಕ್ಕೆ ನನ್ನ ಪ್ಲಗ್ಗು ಏನೂ ಮಾಡಲಾರದು. ಆಂಜನಮ್ಮ ಮಗುವನ್ನು ಎತ್ತಿ, ರವಿಕೆಯೊಳಗೆ ಎದೆಗೆ ಒತ್ತಿ, ಮೇಲೆ ಕಂಬಳಿ ಹೊದ್ದು ಗೋಡೆಗೆ ಒರಗಿ ಕೂತಳು. ಕೆಮ್ಮು ಬಂದರೂ ಕೆಮ್ಮಲಿಲ್ಲ. ಎರಡು ಗಂಟೆ ಅವಳೇ ಬಲ್ಬು.

ಒರಗಿದ್ದು ಆ ತೇಪೆಯ ಮೇಲೆ. ಗೊತ್ತಿತ್ತೋ ಇಲ್ಲವೋ.

೨೭ ಜನವರಿ, ಗುರುವಾರ

ನಾಲ್ಕು ಪೌಂಡು ದಾಟಿತು. ಅಳಿಯ ಬಂದು ಪೆಟ್ಟಿಗೆಯ ಮುಂದೆ ಕೈಕಟ್ಟಿ ನಿಂತಿದ್ದ, ಸ್ಟೇಷನ್ ಮಾಸ್ತರರ ಮುಂದೆ ನಿಂತ ಹಾಗೆ. ಅಕ್ತರ್ ಒಂದು ಮರದ ಗಿಲಕಿ ಕಡೆದು ಕಳಿಸಿದ್ದಾನೆ. ಬೇಗ ಆಯಿತೇನೋ. ಪೆಟ್ಟಿಗೆಯಿಂದ ದೂರ, ಮೇಲೆ ಇಟ್ಟಿದ್ದೇನೆ.

ಚಿಕ್ಕಮುನಿಯಮ್ಮ ಬಂದು ನೋಡಿ ಹೋದಳು. ಮಗುವನ್ನಲ್ಲ, ಪ್ಲಗ್ಗನ್ನು. ಅವಳ ಮೊಮ್ಮಗನ ಹೆಂಡತಿಗೆ ಈಗ ನಾಲ್ಕಂತೆ. ನಮ್ಮ ಗೂಡಿನ ಅಳತೆ ನಿನ್ನ ಹತ್ತಿರ ಬರೆದುಕೊಂಡಿದೆಯಲ್ಲ ಅಂದಳು.

೧೪ ಫೆಬ್ರವರಿ, ಸೋಮವಾರ, ಬೆಳಿಗ್ಗೆ

ನಲವತ್ತು ದಿನ. ಐದೂವರೆ ಪೌಂಡು. ನಿನ್ನೆ ಬಲ್ಬು ಆರಿಸಿ ಪೆಟ್ಟಿಗೆಯಿಂದ ತೆಗೆದರು. ತಾಯಿಯ ಪಕ್ಕ ಮಲಗಿದೆ. ಅಳು ಸ್ವಲ್ಪ ಬಲಿತಿದೆ. ಗೋಡೆಯಾಚೆಗೆ ಇನ್ನೂ ಕೇಳಿಸುವುದಿಲ್ಲ.

ಗೂಡಿನಿಂದ ಪ್ಲಗ್ಗು ಬಿಚ್ಚಿಬಿಡುತ್ತೇನೆ, ದೀಪ ಅದರ ಜಾಗಕ್ಕೆ ಬರಲಿ ಅಂದೆ. ಒಳ್ಳೆಯ ಮನಸ್ಸಿನಿಂದಲೇ ಅಂದೆ. ಆಂಜನಮ್ಮ ಹಿಂದಿನ ಕೋಣೆಗೆ ಹೋದಳು. ರಾಗಿಯ ವಾಡೆಯ ಮುಚ್ಚಳ ತೆಗೆದ ಸದ್ದು. ತಿರುಗಿ ಬಂದಾಗ ಕೈಯಲ್ಲಿ ಸುತ್ತಿಗೆ. ಹಿಡಿಗೆಲ್ಲ ರಾಗಿ ಕಾಳು ಅಂಟಿತ್ತು. ಸೆರಗಿನಿಂದ ಒರೆಸಿದಳು.

"ಗೂಡು ಅದಕ್ಕೇ ಇರ್ಲಿ. ದೀಪಕ್ಕೊಂದು ಮೊಳೆ ಹೊಡೀರಿ. ಅಲ್ಲಿ," ಅಂದಳು. ತೋರಿಸಿದ್ದು ತೇಪೆಯನ್ನು.

ಸುತ್ತಿಗೆ ತೆಗೆದುಕೊಂಡೆ. ಭಾರ ಮರೆತುಹೋಗಿತ್ತು. ಮಗು ಮಲಗಿದೆ, ಎಚ್ಚರವಾದೀತು, ಆಮೇಲೆ ಹೊಡೀತೀನಿ ಅಂದೆ.

"ಆಗ್ಲಿ. ಎದ್ದು ಅಳ್ಲಿ. ಬೀದಿಗೆ ಕೇಳೋ ಹಂಗೆ ಅಳೋದು ಕೇಳ್ಬೇಕು ನಂಗೆ."

ಮೊಳೆ ಹುಡುಕುವ ನೆಪದಲ್ಲಿ ಬಂದು ಇದನ್ನು ಬರೆಯುತ್ತಿದ್ದೇನೆ. ಒಳಗಿನಿಂದ ಮಗಳೂ ಕರೆಯುತ್ತಿದ್ದಾಳೆ, ಹೊಡಿಯಪ್ಪಾ ಅಂತ. ಎರಡು ಅಂಗುಲದ್ದು ಸಿಕ್ಕಿದೆ. ಹಿತ್ತಾಳೆ ದೀಪ, ಎಣ್ಣೆ ಸೇರಿದರೆ ಒಂದು ಸೇರು ತೂಕ... ಎರಡು ಅಂಗುಲ ಸಾಕು. ಇಲ್ಲ, ಎರಡೂವರೆ —